ಕಾರಿಟ್ಟ ಮೇಷ್ಟ್ರು

ಮಂಡ್ಯದ ಅಶೋಕನಗರ, ಸುಭಾಷನಗರ, ವಿದ್ಯಾನಗರ ಮೊದಲಾದ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಸುಮ್ಮನೆ ಅಡ್ಡಾಡತಕ್ಕವರಿಗೆ, ಗೇಟಿನೊಳಗೆ ಬೂದುಬಣ್ಣದ ಹೊದಿಕೆಯನ್ನು ನೆಲಮುಟ್ಟ ಹೊದ್ದು, ಚಕ್ರಗಳ ಬುಡಕ್ಕೆ ಒಂದೊಂದು ಇಟ್ಟಿಗೆಯನ್ನು ಒತ್ತುಕೊಟ್ಟುಕೊಂಡು ನಿಂತ ಕಾರೊಂದು ಕಂಡರೆ, ಅದರ ಯಜಮಾನರು ನಿವೃತ್ತರೆಂದೂ, ಲೈಸೆನ್ಸು ಪಡೆದವರೆಂದೂ, ಆದರೆ ಆ ಕಾರನ್ನು ಓಡಿಸತಕ್ಕವರು ಮಾತ್ರ ಅಲ್ಲವೆಂದೂ ನಿಸ್ಸಂಶಯವಾಗಿ ಹೇಳಬಹುದು. ದಿನವೂ ಓಡುವ ಕಾರಿಗೆ ಹೊದಿಸಿ ತೆಗೆಯುವ ವ್ಯವಧಾನ ಯಾರಿಗಿರುತ್ತದೆ? ಈ ವರ್ಗದ ಮಹನೀಯರಲ್ಲಿ ನನಗೆ ಅತ್ಯಂತ ಸಮೀಪದಿಂದ ನೋಡುವ ಭಾಗ್ಯ ದೊರೆತದ್ದು ನಮ್ಮ ಎದುರುಮನೆಯ ಮೇಷ್ಟ್ರನ್ನು. ಪ್ರೌಢಶಾಲೆಯಲ್ಲಿ ಆಯುಷ್ಯವೆಲ್ಲ ಚರಿತ್ರೆಯನ್ನು ಬೋಧಿಸಿ, ಎಷ್ಟೋ ಸಾಮ್ರಾಜ್ಯಗಳನ್ನು ಕಪ್ಪುಹಲಗೆಯ ಮೇಲೆ ಎಬ್ಬಿಸಿ ಅಳಿಸಿದ ಆ ಧೀರರಿಗೆ, ಬೆಂಗಳೂರಿನಲ್ಲಿರುವ ಮಗನು ತಾನು ಹೊಸ ಕಾರು ಕೊಂಡಾಗ ಹಳೆಯದನ್ನು ತಂದು ಅಂಗಳದಲ್ಲಿ ನಿಲ್ಲಿಸಿ, "ಅಪ್ಪಾ, ಇನ್ಮೇಲೆ ಬಸ್‌ಸ್ಟ್ಯಾಂಡಲ್ಲಿ ಕಾಯ್ಬೇಡ" ಎಂದು ಹೇಳಿ ಹೋದನು.

ಅಂದಿನಿಂದ ಆ ಕಾರು ನಮ್ಮ ಬೀದಿಯ ಉತ್ಸವಮೂರ್ತಿಯಾಯಿತು: ನಿತ್ಯವೂ ಅಭಿಷೇಕ, ಪರ್ವಕಾಲದಲ್ಲಿ ಅಲಂಕಾರ, ಹೊರಡಬೇಕಾದರೆ ಮಾತ್ರ ಅನ್ಯರ ಹೆಗಲು. ಆಯುಧಪೂಜೆಯ ದಿವಸ ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗಲೇಬೇಕೆಂಬ ಶಾಸ್ತ್ರವನ್ನು ಮೇಷ್ಟ್ರು ಎಂಜಿನ್ನನ್ನು ಎಬ್ಬಿಸದೆಯೇ, ಅಕ್ಕಪಕ್ಕದ ಹುಡುಗರಿಂದ ಹಿಂದುಗಡೆ ನೂಕಿಸಿ ನೆರವೇರಿಸಿದರು. ತಾವು ಒಳಗೆ ಕುಳಿತು, ಎರಡೂ ಕೈಗಳಿಂದ ಸ್ಟಿಯರಿಂಗನ್ನು ಅಪ್ಪಿ, ಬ್ರೇಕಿನ ಮೇಲಿನ ಪಾದವನ್ನು ತೆಗೆಯಲು ಮರೆತಿದ್ದರಿಂದ ನೂಕುವವರಿಗೆ ಸ್ವಲ್ಪ ಶ್ರಮವಾಯಿತಷ್ಟೆ.

ಹೊರಡದಿರುವುದಕ್ಕೆ ಕಾರಣಗಳನ್ನು ಒದಗಿಸುವುದರಲ್ಲಿ ನಮ್ಮ ಸೀಮೆ ಎಂದೂ ಕೃಪಣವಾದುದಲ್ಲ. 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆಯೂ ಅದರ ಅನಂತರದವೂ ಕಬ್ಬು ಅರೆಯಲಾರಂಭಿಸಿದವೆಂದರೆ, ಒಂದು ಟ್ರಾಕ್ಟರಿಗೆ ಎರಡು ಟ್ರೇಲರನ್ನು ಗಂಟುಹಾಕಿ, ಹಿಂದಿನ ದೀಪವೂ ನಂಬರೂ ಸೋಗೆಯಲ್ಲಿ ಮುಳುಗಿಹೋಗುವಂತೆ ಹೇರಿಕೊಂಡು, ರಸ್ತೆಯ ನಡುವೆ ತೊನೆಯುತ್ತ ಸಾಗುವ ಕಬ್ಬಿನ ಗುಡ್ಡಗಳ ಬೆನ್ನು ಹತ್ತುವುದುಂಟೇ? ಕಬ್ಬು ಮುಗಿದರೆ ಮಳೆ. ಮಳೆ ಬಿಟ್ಟರೆ ಸಂತೆಯ ಜನಸಂದಣಿ. ಆಷಾಢದಲ್ಲಿ ಹೊಸದಾಗಿ ಏನನ್ನೂ ಆರಂಭಿಸಕೂಡದೆಂಬುದು ಸರ್ವವಿದಿತ. ನಾಲೆಯ ಏರಿಯ ಮೇಲಿನ ಹಾದಿಯೆಂದರಂತೂ ಅವರ ಮುಖ ಬಿಳಿಚುತ್ತಿತ್ತು. ಇದೊಂದಕ್ಕೆ ನಾನು ನಗಲಾರೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಸೇರಿದಂತೆ 30 ಮಂದಿ ಪ್ರಾಣ ಬಿಟ್ಟುದನ್ನು ಬಲ್ಲ ಜಿಲ್ಲೆಯಲ್ಲಿ, ತಡೆಗೋಡೆಯಿಲ್ಲದ ನೀರಿಗೆ ಅಂಜುವವನನ್ನು ಪುಕ್ಕಲನೆನ್ನುವುದು ಅಧಿಕಪ್ರಸಂಗವಾದೀತು.

ಆದರೆ ಮೇಷ್ಟ್ರ ಭಯದ ಮೂಲ ಬೇರೊಂದಿತ್ತು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಎಡಗಡೆ ಕೂರುವ ಗುರುವಿನ ಕಾಲಡಿಯಲ್ಲಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆಂಬುದು ಎಲ್ಲರಿಗೂ ತಿಳಿದದ್ದೇ. ಮೇಷ್ಟ್ರು ಎಲ್‌ಎಲ್‌ಆರ್‌ನ ಆರು ತಿಂಗಳ ಅವಧಿಯಲ್ಲಿ ಕಲಿತದ್ದೆಲ್ಲ, ಆಪತ್ಕಾಲದಲ್ಲಿ ಕಾರು ತಾನಾಗಿಯೇ ನಿಲ್ಲುತ್ತದೆ ಎಂಬ ಒಂದು ತತ್ತ್ವವನ್ನು. ಅದನ್ನು ನಿಲ್ಲಿಸುತ್ತಿದ್ದುದು ಪಕ್ಕದಲ್ಲಿ ಎಲೆಯಡಿಕೆ ಅಗಿಯುತ್ತಿದ್ದ ಹುಡುಗನ ಎಡಗಾಲು ಬಲಗಾಲುಗಳೆಂಬುದು, ಸ್ವಂತ ಕಾರಿನ ಎಡಗಡೆಯನ್ನು ಬಗ್ಗಿ ನೋಡಿ, ಅಲ್ಲಿ ಬರಿಯ ರಬ್ಬರ್ ಮ್ಯಾಟನ್ನು ಕಂಡ ದಿನವಷ್ಟೇ ಅವರಿಗೆ ಹೊಳೆಯಿತು. ಮರುದಿನವೇ ಹೊದಿಕೆ ಬಂತು.

ಭಯಸ್ಥರಲ್ಲಿ ವಿದ್ವಾಂಸರಾದವರ ಲಕ್ಷಣವೇನೆಂದರೆ, ಅವರು ತಮ್ಮ ಭಯಕ್ಕೆ ಚರಿತ್ರೆಯ ಆಧಾರವನ್ನು ಹುಡುಕುತ್ತಾರೆ. 1865ರಲ್ಲಿ ಬ್ರಿಟನ್ನಿನಲ್ಲಿ ಬಂದ ಶಾಸನದ ಪ್ರಕಾರ, ಯಂತ್ರವಾಹನದ ಮುಂದೆ ಅರವತ್ತು ಗಜಗಳ ಅಂತರದಲ್ಲಿ ಕೆಂಪು ಬಾವುಟ ಹಿಡಿದ ಆಳೊಬ್ಬನು ನಡೆಯತಕ್ಕದ್ದು. ವೇಗವು ಊರಾಚೆ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿಗಳನ್ನು ಮೀರಕೂಡದು. ಮನುಷ್ಯಜಾತಿಯು ವಾಹನದ ವಿಷಯದಲ್ಲಿ ವಿವೇಕದಿಂದ ವರ್ತಿಸಿದ್ದು ಅದೇ ಕಡೆಯ ಸಲವೆಂದೂ, 1896ರಲ್ಲಿ ಆ ಕಟ್ಟುಪಾಡನ್ನು ಸಡಿಲಿಸಿದಂದೇ ನಾಗರಿಕತೆಯ ಇಳಿಗಾಲ ಆರಂಭವಾಯಿತೆಂದೂ ಮೇಷ್ಟ್ರ ಸಿದ್ಧಾಂತ. ಅವರ ಶ್ರೀಮತಿಯವರು ಇದಕ್ಕೆ ಪ್ರತಿಯಾಗಿ, ಗಂಡನ ಪಾಠಗಳಿಂದಲೇ ಕದ್ದ ಬೆರ್ತಾ ಬೆಂಜಳನ್ನು ಮುಂದೆ ತರುತ್ತಿದ್ದರು. 1888ರಲ್ಲಿ ಆ ಜರ್ಮನ್ ಗೃಹಿಣಿ ತನ್ನಿಬ್ಬರು ಗಂಡುಮಕ್ಕಳೊಡನೆ, ಪತಿಯು ನಿರ್ಮಿಸಿದ ಮೂರು ಚಕ್ರದ ಕಾರಿನಲ್ಲಿ, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. "ಆಯಮ್ಮ ಗಂಡನ್ಗೆ ಹೇಳ್ದೆ ಹೊರಟ್ಲು, ನಾನು ಗಂಡನ್ಗೆ ಹೇಳೀ ಹೇಳೀ ಸಾಕಾಯ್ತು" ಎಂಬುದು ಶ್ರೀಮತಿಯವರ ವಾದದ ಉಪಸಂಹಾರ. "ಆಗ ಎದುರುಗಡೆಯಿಂದ ಬರೋ ಕಾರು ಒಂದೂ ಇರ್ಲಿಲ್ಲ ಕಣೇ" ಎಂಬುದು ಮೇಷ್ಟ್ರ ಖಂಡನೆ. ಇದನ್ನು ಅಲ್ಲಗಳೆಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಮಾಘಮಾಸದಲ್ಲಿ ಶ್ರೀಮತಿಯವರ ತಮ್ಮನ ಗೃಹಪ್ರವೇಶವು ಮಳವಳ್ಳಿಯಲ್ಲಿ ಗೊತ್ತಾಗಿ, ಗೊತ್ತುಮಾಡಿದ್ದ ಡ್ರೈವರನು ಕಡೆಯ ಗಳಿಗೆಯಲ್ಲಿ ಕೈಕೊಟ್ಟುದರಿಂದ, ತವರಿನ ಮಾನ ಮತ್ತು ಪ್ರಾಣಭಯ ಇವೆರಡನ್ನೂ ತೂಗಿ ನೋಡುವ ಅವಕಾಶವನ್ನೇ ಕೊಡದೆ ಅವರು ರೇಷ್ಮೆ ಸೀರೆಯುಟ್ಟು ಎಡಗಡೆಯ ಸೀಟಿನಲ್ಲಿ ಕುಳಿತುಬಿಟ್ಟರು. ಸಾಕ್ಷಿಗಿರಲೆಂದು ನನ್ನನ್ನು ಹಿಂದೆ ಕೂರಿಸಿದರು. ಮದ್ದೂರಿನವರೆಗೂ ಮೂರನೆಯ ಗೇರನ್ನು ಮೀರದೆ, ಸೇತುವೆಯೊಂದನ್ನು ಉಸಿರು ಬಿಗಿಹಿಡಿದು ದಾಟಿ, ಕೆ.ಎಂ. ದೊಡ್ಡಿಯನ್ನೂ ಹಿಂದೆ ಹಾಕಿದೆವು. ಅಲ್ಲಿಂದ ಸ್ವಲ್ಪ ಮುಂದೆ ರಸ್ತೆಯ ಉದ್ದಗಲಕ್ಕೂ ಹುರುಳಿಯ ಬಳ್ಳಿಯನ್ನು ಹರವಿದ್ದರು.

ಕಣ ಮಾಡುವ ಪುರುಸೊತ್ತೂ ರೋಣಗಲ್ಲೆಳೆಯುವ ಎತ್ತುಗಳೂ ಕಡಮೆಯಾದ ಮೇಲೆ, ಡಾಂಬರು ರಸ್ತೆಯೇ ಕಣವಾಗಿ, ಹೋಗಿಬರುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ನಡೆದುಬಂದಿದೆ. ಪೊಲೀಸರು ಬೇಡವೆನ್ನುತ್ತಾರೆ, ಅವರೆನ್ನುವುದು ಸರಿ. ಬೈಕುಗಳು ಜಾರುತ್ತವೆ, ಕಾರಿನಡಿ ಹೊಟ್ಟು ಸುತ್ತಿಕೊಂಡು ಕಾವಿಗೆ ಹೊತ್ತಿಕೊಂಡದ್ದೂ ಉಂಟು. ಇದೆಲ್ಲವನ್ನೂ ಬಲ್ಲ ಮೇಷ್ಟ್ರು ರಾಶಿಯ ಅಂಚಿನಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ನನ್ನೂ ಆರಿಸಿದರು. ಬೇಲಿಯ ನೆರಳಿನಿಂದ ಮುದುಕಿಯೊಬ್ಬಳು ಪೊರಕೆ ಹಿಡಿದು ಎದ್ದು ಬಂದಳು.

"ಯಾಕ್ ಬುದ್ದಿ ನಿಲ್ಸುಬುಟ್ರಿ? ಹತ್ಸಿ ಮ್ಯಾಲೆ!"

"ಅಲ್ಲಮ್ಮ, ಅಡೀಲಿ ಸುತ್ಕೊಂಡು ಬೆಂಕಿಗಿಂಕಿ ಹತ್ಕೊಂಡ್ರೆ?"

ಆಕೆ ಮೇಷ್ಟ್ರು ಬಂದ ದಾರಿಯನ್ನೊಮ್ಮೆ ನೋಡಿದಳು. "ನೀವ್ ಬಂದ ಬಿರ್ಸಿಗೆ ಬೆಂಕಿ ಹತ್ಕೊಳಾಕಿಲ್ಲ ಬುದ್ದಿ. ಒಸಿ ಹತ್ಸಿ."

ಹತ್ತಿಸಿದರು. ಚಕ್ರದಡಿಯಲ್ಲಿ ಕಾಯಿಗಳು ಪಟಪಟನೆ ಒಡೆಯತೊಡಗಿದವು. ಆ ಕೊನೆ ಮುಟ್ಟುವಷ್ಟರಲ್ಲಿ, "ಹಂಗೇ ಒಸಿ ಹಿಂದುಕ್ ಬನ್ನಿ" ಎಂದು ಆಜ್ಞೆಯಾಯಿತು. ರಿವರ್ಸು ಗೇರನ್ನು ಮೇಷ್ಟ್ರು ಗುಂಡಿಯ ಮೇಲಿನ ಚಿತ್ರದಲ್ಲಿ ಮಾತ್ರ ಬಲ್ಲವರು. ಆದರೆ ಎಲ್ಲಿಂದಲೋ ಉದುರಿದ ಹುಡುಗರು ಹಿಂದೆ ನಿಂತು, "ಬರ್ಲಿ, ಬರ್ಲಿ, ಬರ್ಲಿ, ರೈಟ್!" ಎಂದು ಒಕ್ಕೊರಲಿನಿಂದ ಕೂಗಲಾರಂಭಿಸಿದ ಮೇಲೆ ಬಾರದಿರುವುದಾದರೂ ಹೇಗೆ? ಬಂದರು, ಮತ್ತೆ ಹೋದರು, ಮತ್ತೆ ಬಂದರು. ಅಷ್ಟರಲ್ಲಿ ಹಿಂದೆ ಸರ್ಕಾರಿ ಬಸ್ಸೊಂದು ಬಂದು ಹಾರನ್ ಬಾರಿಸಿತು. ಮುದುಕಿ ಅದರ ಮುಂದೆ ಪೊರಕೆಯನ್ನೆತ್ತಿ ನಿಂತು, "ತಡಿಯಪ್ಪ, ಮೇಷ್ಟ್ರು ಒಕ್ತಾವ್ರೆ!" ಎಂದಳು. ಬ್ರಿಟನ್ನು ಕೈಬಿಟ್ಟ 1865ರ ಶಾಸನವು ಆ ಕ್ಷಣದಲ್ಲಿ ಮಳವಳ್ಳಿ ರಸ್ತೆಯಲ್ಲಿ ಸಂಪೂರ್ಣವಾಗಿ ಜಾರಿಯಲ್ಲಿತ್ತು. ಮುಹೂರ್ತಕ್ಕೆ ನಾವು ಸಿಕ್ಕಲಿಲ್ಲ. ಊಟದ ಎರಡನೆಯ ಪಂಕ್ತಿಗೆ ಸಿಕ್ಕಿದೆವು.

ಈಗ ಮೇಷ್ಟ್ರು ಓಡಿಸುತ್ತಾರೆ, ಮಾತ್ರವಲ್ಲ, ಓಡಿಸಲಂಜುವವರಿಗೆ ಬುದ್ಧಿಯನ್ನೂ ಹೇಳುತ್ತಾರೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಮಾತ್ರ ಇನ್ನೂ ಹತ್ತಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಅಲ್ಲಿ ಪ್ರವೇಶ ನಿಷಿದ್ಧವಾಗಿದೆಯಷ್ಟೆ. ಆ ಬಹಿಷ್ಕೃತರ ಸಾಲಿಗೆ ತಾವಾಗಿಯೇ ಸೇರಿ, ಸರ್ವೀಸ್ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರಿನ ಹಿಂದೆ, ಅದು ಯಾವ ವೇಗದಲ್ಲಿ ಹೋದರೆ ತಾವೂ ಅದೇ ವೇಗದಲ್ಲಿ ಪರಮ ಸಂತೋಷದಿಂದ ಸಾಗುತ್ತಾರೆ. ಇನ್ನೊಂದು ತೊಡಕೂ ಉಳಿದಿದೆ: ಹಿಂದೆ ಯಾರಾದರೂ "ಬರ್ಲಿ, ಬರ್ಲಿ" ಎನ್ನದ ಹೊರತು ಅವರಿಗೆ ರಿವರ್ಸು ಗೇರು ಬೀಳುವುದಿಲ್ಲ. ಮೊನ್ನೆ ಮದ್ದೂರಿನಲ್ಲಿ ವಡೆ ತಿಂದು ಹೊರಟಾಗ, ಹೋಟೆಲಿನ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಶ್ರೀಮತಿಯವರು, ಕೈಯಲ್ಲಿ ವಡೆಯ ಪೊಟ್ಟಣ ಹಿಡಿದು, ಅತ್ತಿತ್ತ ನೋಡುತ್ತ, "ಬರ್ಲೀ" ಎಂದು ಮೆಲ್ಲಗೆ ಅಂದರು.

"ಕೇಳಿಸ್ತಿಲ್ಲ ಕಣೇ, ಒಸಿ ಜೋರಾಗಿ!" ಎಂದರು ಮೇಷ್ಟ್ರು.