ಇತಿಹಾಸದ ಜತೆ ಎರಡು ಮಸಾಲೆ

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ನಮ್ಮ ಕಥಾನಾಯಕ ಹುಟ್ಟಿದ್ದು ಅದಾಗಿ ನಲವತ್ತು ವರ್ಷದ ಮೇಲೆ. ಆದರೂ ಸುತ್ತಲಿನ ವಿದ್ಯಾರ್ಥಿಗಳಿಗೆಂದು ತೆರೆದ ಆ ಪುಟ್ಟ ಹೋಟೆಲಿನಲ್ಲಿ ಮೊದಲ ದಿನವೇ ಸೀಟು ಹಿಡಿದಿದ್ದವನ ಹಾಗೆ ಮಾತಾಡುತ್ತಾನೆ. ‘ಆಗಿನ ಬೆಣ್ಣೆಯೇ ಬೇರೆ ಕಣ್ರೀ’ ಎಂದು ನಿಟ್ಟುಸಿರು ಬಿಡುತ್ತಲೇ ಎರಡನೇ ಮಸಾಲೆಗೆ ಕೈಯೆತ್ತುತ್ತಾನೆ.

ಬೆಂಗಳೂರಿನ ಪ್ರತಿ ಗೆಳೆಯರ ಗುಂಪಿಗೂ ಇಂಥವನೊಬ್ಬ ಗಂಟುಬಿದ್ದಿರುತ್ತಾನೆ. ಶುಕ್ರವಾರ ಭವನಕ್ಕೆ ರಜೆ ಎಂಬುದನ್ನು ಏಕಾದಶಿಯಷ್ಟೇ ಗಂಭೀರವಾಗಿ ನೆನಪಿಸುತ್ತಾನೆ. ಇಂಡಿಯಾ ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋದ ಸೂತಕ ಅವನಿಗಿನ್ನೂ ಕಳೆದಿಲ್ಲ. ಬಿಲ್ಲು ಮಾತ್ರ ಬೇರೆಯವರಿಗೆ ಮುಟ್ಟಗೊಡುವುದಿಲ್ಲ.

ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದಲ್ಲಿ ಹೆಸರು ಬರೆಸಿ ಹೊರಗೆ ಕಾಯಬೇಕು. ಒಮ್ಮೆ ಗುಂಪಿನಲ್ಲಿ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಹೊಸ ಗೆಳೆಯನೊಬ್ಬನಿದ್ದ. ರಾತ್ರಿಯೂ ಸರಿಯಾಗಿ ಉಂಡಿರಲಿಲ್ಲ. ‘ಇನ್ನೂ ಟೈಮಿದೆ, ಬನ್ನಿ’ ಎಂದು ಇವನು ಎಲ್ಲರನ್ನೂ ಡಿ.ವಿ.ಜಿ. ರಸ್ತೆಯ ಕಡೆಗೆ ಎಳೆದುಕೊಂಡು ಹೋದ. ಗುಂಡಪ್ಪನವರಾದರು, ಗವಿಪುರದ ಮಾಸ್ತಿಯವರಾದರು; ನಿಸಾರ್ ಅಹಮದರು 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೇ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟದ್ದೂ ಆಯಿತು. ‘ಕವಿಗೋಳ ಕಥಿ ಆಮ್ಯಾಲೆ ಹೇಳಪಾ, ಹೊಟ್ಟಿ ಚುರುಗುಟ್ಟಾಕತ್ತೈತಿ’ ಎಂದ ಹುಬ್ಬಳ್ಳಿಯವನು. ತಿರುಗಿ ಬರುವಷ್ಟರಲ್ಲಿ ಇವರ ಹೆಸರು ಕೂಗಿ ಮುಗಿದಿತ್ತು. ಮತ್ತೆ ಪಟ್ಟಿಯ ಬುಡದಿಂದ ಆರಂಭ.

ಕೊನೆಗೂ ಒಳಗೆ ಕೂತದ್ದಾಯಿತು. ಮಾಣಿ ತೋಳಿನುದ್ದಕ್ಕೂ ತಟ್ಟೆ ಪೇರಿಸಿಕೊಂಡು ಬಂದು ಒಂದೊಂದಾಗಿ ಇಳಿಸಿದ. ಹುಬ್ಬಳ್ಳಿಯವನ ಬೆರಳು ದೋಸೆಗೆ ತಾಗಿತ್ತಷ್ಟೆ, ‘ತಡಿ, ಫೋಟೋ!’ ಎಂಬ ಗರ್ಜನೆ. ಫೋಟೋ ಆದಮೇಲೆ ಗೋಡೆಯ ಮೇಲಿನ ಸಾಹಿತಿಗಳ ಚಿತ್ರಗಳ ಪರಿಚಯ. ಅಷ್ಟರಲ್ಲಿ ಗರಿಗರಿ ದೋಸೆ ಮೆತ್ತಗಾಗಿತ್ತು, ಗೆಳೆಯನ ಮುಖ ಮಾತ್ರ ಗಟ್ಟಿಯಾಗಿತ್ತು.

ಬೈಯುವುದು ಸುಲಭ. ಈ ಸಾಲುಗಳ ಲೇಖಕನಿಗೆ ಮೇಲಿನ ಇಸವಿಗಳೆಲ್ಲ ದಕ್ಕಿದ್ದು ಅವನ ಬಾಯಿಂದಲೇ, ಅದೂ ಅವನ ದುಡ್ಡಿನ ದೋಸೆ ತಿನ್ನುತ್ತ.

ಅವನ ಕಾಲೇಜಿನ ಗುಂಪಿನಲ್ಲಿ ಇಬ್ಬರು ಈಗ ಅಮೆರಿಕದಲ್ಲಿದ್ದಾರೆ, ಒಬ್ಬ ವೈಟ್‌ಫೀಲ್ಡಿನಲ್ಲಿ. ಬಸವನಗುಡಿಯಿಂದ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಉಳಿದವರು ಕೈಗೆ ಸಿಗುವುದೇ ದೋಸೆಯ ನೆಪದಲ್ಲಿ. ದೋಸೆ ತಿನ್ನಲು ಎಷ್ಟು ಹೊತ್ತು ಬೇಕು? ಕಾಫಿ ಮುಗಿದರೆ ಕೂರುವಂತಿಲ್ಲ, ಬಾಗಿಲಲ್ಲಿ ಕಾಯುವವರ ಕಣ್ಣು ಬೆನ್ನಿಗೆ ಚುಚ್ಚುತ್ತದೆ. ಹೊರಗೆ ಬಂದರೆ ಒಬ್ಬನಿಗೆ ಮಗಳ ಟ್ಯೂಷನ್, ಇನ್ನೊಬ್ಬನಿಗೆ ಕಾರಿನ ಸರ್ವಿಸಿಂಗ್. ಇವನ ಡಿ.ವಿ.ಜಿ., ಮಾಸ್ತಿ, ನಿಸಾರರು ಸೇರಿ ಆ ಇಪ್ಪತ್ತು ನಿಮಿಷವನ್ನು ಎರಡು ಗಂಟೆಗೆ ಎಳೆಯುತ್ತಾರೆ. ಇದು ಗೆಳೆಯರಿಗೆ ಗೊತ್ತಿಲ್ಲದ್ದೇನಲ್ಲ. ಯಾರೂ ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ.

ಮುಂದಿನ ವಾರ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಎಂದು ಅಲ್ಲೇ ಫುಟ್‌ಪಾತಿನ ಮೇಲೆ ಅಪ್ಪಣೆಯಾಯಿತು. ಕಥೆ 1924ರಿಂದ ಹೊರಟು, ಎರಡನೇ ಮಹಾಯುದ್ಧದ ಅಕ್ಕಿಯ ಅಭಾವವನ್ನು ದಾಟಿ, ರವೆ ಇಡ್ಲಿಗೆ ಬಂದು ಮುಟ್ಟಬೇಕಂತೆ. ‘ಅಲ್ಲೀತನಕಾ ನಾ ಮನ್ಯಾಗ ನಾಕು ಇಡ್ಲಿ ತಿಂದು ಬರ್ತೀನಿ’ ಅಂದ ಹುಬ್ಬಳ್ಳಿಯವನು. ಬರುವುದಿಲ್ಲ ಎನ್ನಲಿಲ್ಲ.