ಗೋಡೌನಿಗೊಂದು ಗಾಡಿ

"ಅಂಕಲ್, ಡೀಸೆಲ್ ಗಾಡಿ ತಗೊಳ್ಲೋ, ಬ್ಯಾಟರೀದು ತಗೊಳ್ಲೋ?"

ಪಕ್ಕದ ಮನೆಯ ಹುಡುಗ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳಿದ. ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಅವನದೊಂದು ಗೋಡೌನ್ ಇದೆ. ಇಷ್ಟು ದಿನ ಹಮಾಲಿಗಳ ಬೆನ್ನ ಮೇಲೆ ನಡೆದ ಕೆಲಸಕ್ಕೆ ಈಗ ಫೋರ್ಕ್‌ಲಿಫ್ಟ್ ತರಬೇಕಂತೆ. ಕಾರು ಕೊಳ್ಳುವುದಾದರೆ ರಾಮಕೃಷ್ಣನಗರದಲ್ಲಿ ಮನೆಗೊಬ್ಬರು ಸಲಹೆ ಕೊಡುತ್ತಾರೆ. ಫೋರ್ಕ್‌ಲಿಫ್ಟ್ ವಿಷಯಕ್ಕೆ ಸ್ಟೋರ್ಸ್ ವಿಭಾಗದಲ್ಲಿ ತಲೆ ನರೆಸಿಕೊಂಡ ನನ್ನಂಥವರೇ ಬೇಕು.

"ಗಾಡಿ ಓಡಾಡೋದು ಒಳಗೋ ಹೊರಗೋ? ಮೊದಲು ಅದು ಹೇಳಪ್ಪ."

"ಮುಕ್ಕಾಲು ಪಾಲು ಒಳಗೇ. ಲಾರಿ ಬಂದಾಗ ಮಾತ್ರ ಹೊರಗೆ."

"ಹಾಗಾದ್ರೆ ಯೋಚನೇನೇ ಬೇಡ, ಬ್ಯಾಟರೀದೇ ತಗೋ."

"ಕೊಳ್ಳೋಕೆ ಡೀಸೆಲ್ಲೇ ಅಗ್ಗ ಅಲ್ವಾ?"

ಅಗ್ಗವೇ, ನಿಜ. ಆದರೆ ಫೋರ್ಕ್‌ಲಿಫ್ಟ್ ದುಡಿಮೆಯನ್ನು ಅಳೆಯುವುದು ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ. ಪ್ಯಾಲೆಟ್ಟಿಗೆ ಕಾಯುತ್ತ ಸುಮ್ಮನೆ ನಿಂತಾಗಲೂ ಡೀಸೆಲ್ ಉರಿಯುತ್ತಲೇ ಇರುತ್ತದೆ, ಅವರ್ ಮೀಟರ್ ಏರುತ್ತಲೇ ಇರುತ್ತದೆ. ಬ್ಯಾಟರಿ ಗಾಡಿ ನಿಂತರೆ ಮೋಟಾರೂ ನಿಂತಿತು. ಎಂಜಿನ್ ಆಯಿಲ್, ರೇಡಿಯೇಟರ್, ಫ್ಯಾನ್ ಬೆಲ್ಟ್ ಯಾವುದರ ತಂಟೆಯೂ ಇಲ್ಲ.

ದುಡ್ಡಿನ ಲೆಕ್ಕ ಹಾಗಿರಲಿ. ನನಗೆ ಸಂಕಟವಾಗುವುದು ಹೊಗೆಯ ವಿಷಯದಲ್ಲಿ. ಮಳೆ ಬಂತೆಂದು ಷಟರ್ ಅರ್ಧ ಎಳೆದ ಗೋಡೌನಿನಲ್ಲಿ ಡೀಸೆಲ್ ಗಾಡಿ ದಿನವಿಡೀ ಓಡಾಡಿದರೆ ಆ ಹೊಗೆ ಕುಡಿಯುವವನು ಗಾಜಿನ ಕ್ಯಾಬಿನ್ನಿನಲ್ಲಿ ಕೂತ ಮಾಲೀಕನಲ್ಲ, ಲೋಡಿಂಗ್ ಹುಡುಗ. ಸಂಜೆ ಅವನು ಮೂಗು ಒರೆಸಿದ ಟವೆಲ್ ನೋಡಬೇಕು, ಮಸಿ ಹಿಡಿದಿರುತ್ತದೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಸಾರಿದೆ. ಗ್ಯಾಸ್ ಗಾಡಿ ಅಷ್ಟು ಮಸಿ ಕಾರದಿದ್ದರೂ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ತಲೆ ಸುತ್ತಿ ಬೀಳುವವರೆಗೂ ಗೊತ್ತಾಗದು.

"ಚಾರ್ಜಿಗೆ ಹಾಕಿದಾಗಲೇ ಕರೆಂಟ್ ಹೋದ್ರೆ?"

"ನಿಂದು ಒಂದೇ ಪಾಳಿ ತಾನೆ? ರಾತ್ರಿ ಚಾರ್ಜಿಗೆ ಹಾಕು."

ಸೀಸದ ಬ್ಯಾಟರಿ ತುಂಬಲು ಸುಮಾರು ಎಂಟು ಗಂಟೆ ಬೇಕು, ಆಮೇಲೆ ಅದು ತಣಿಯಲೂ ಬೇಕು. ಎರಡು ಪಾಳಿ ಓಡಿಸುವವರು ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಲಿಥಿಯಂಗೆ ಹೋಗುತ್ತಾರೆ. ಲಿಥಿಯಂ ದುಬಾರಿ, ಆದರೆ ಟೀ ಬಿಡುವಿನಲ್ಲೂ ಚಾರ್ಜಿಗೆ ಸಿಕ್ಕಿಸಬಹುದು, ನೀರು ಹಾಕುವ ಕೆಲಸವೂ ಇಲ್ಲ.

ಆ ನೀರಿನ ಕೆಲಸವೇ ಸೀಸದ ಬ್ಯಾಟರಿಯ ಜೀವ. 48 ವೋಲ್ಟಿನ ಬ್ಯಾಟರಿಯೆಂದರೆ ತಲಾ 2 ವೋಲ್ಟಿನ 24 ಸೆಲ್. ಒಂದೊಂದರ ಮುಚ್ಚಳ ತೆಗೆದು ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅದೂ ಚಾರ್ಜ್ ಆದ ಮೇಲೆ. ಮುಂಚೆಯೇ ತುಂಬಿಬಿಟ್ಟರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ನೆಲ ಸುಡುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ. ಹಾಗಾಗಿ ಗಾಳಿಯಾಡುವ ಮೂಲೆ ಬೇಕು, ಅಲ್ಲಿ ಬೀಡಿ ಕೂಡದು. ಇಷ್ಟು ಶ್ರದ್ಧೆ ಇರುವ ಒಬ್ಬ ಮನುಷ್ಯ ಇಲ್ಲದಿದ್ದರೆ ಬ್ಯಾಟರಿ ಗಾಡಿ ತರಲೇಬಾರದು.

"ಹಂಗಾರೆ ಡೀಸೆಲ್ ಯಾರಿಗೆ ಅಂಕಲ್?"

"ಕಲ್ಲಿನ ಯಾರ್ಡು, ಮರದ ಡಿಪೋ, ಕಂಟೇನರ್ ಯಾರ್ಡು."

ಹಳ್ಳ-ದಿಣ್ಣೆ, ಕೆಸರು, ಏರು, ಮಳೆಯಲ್ಲಿ ಮೂರು ಪಾಳಿಯೂ ದುಡಿಯಬೇಕಾದ ಕಡೆ ಡೀಸೆಲ್ಲಿಗೆ ಈಗಲೂ ಬೆಲೆಯಿದೆ. ಐದೇ ನಿಮಿಷದಲ್ಲಿ ಟ್ಯಾಂಕ್ ತುಂಬಿಸಿ ಮತ್ತೆ ಕೆಲಸಕ್ಕಿಳಿಯಬಹುದು.

ಬ್ಯಾಟರಿ ಗಾಡಿಯಲ್ಲಿ ಒಂದು ಅಪಾಯವಿದೆ, ಅದನ್ನೂ ಹೇಳಿದೆ. ಸದ್ದಿಲ್ಲ. ಆಂದೋಲನ ಸರ್ಕಲ್ಲಿನಲ್ಲಿ ಬ್ಯಾಟರಿ ಸ್ಕೂಟರ್ ಬೆನ್ನಿಗೇ ಬಂದು ನಿಂತರೂ ತಿಳಿಯುವುದಿಲ್ಲವಲ್ಲ, ಹಾಗೆ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ, ತಿರುವಿನಲ್ಲಿ ಅದರ ಹಿಂಭಾಗ ಬೀಸಿಕೊಂಡು ಬರುತ್ತದೆ. ನೆಲಕ್ಕೆ ನೀಲಿ ಬೆಳಕು ಬೀಳುವ ದೀಪ ಹಾಕಿಸು, ಜನ ನಡೆಯುವ ದಾರಿಗೆ ಹಳದಿ ಗೆರೆ ಎಳೆಸು ಎಂದೆ.

"ಸೆಕೆಂಡ್ ಹ್ಯಾಂಡ್ ಒಂದು ಸಿಗ್ತಾ ಇದೆ ಅಂಕಲ್, ಪೇಂಟೆಲ್ಲ ಹೊಸದರಂಗೇ ಇದೆ."

"ಪೇಂಟ್ ಬಿಡು. ಬ್ಯಾಟರಿ ಮೇಲಿನ ತಾರೀಕು ನೋಡು, ಸೆಲ್ಲಿನ ಮುಚ್ಚಳ ತೆಗೆಸು. ಒಳಗೆ ಪ್ಲೇಟು ಒಣಗಿ ಕಾಣ್ತಿದ್ರೆ ರೇಟು ಕೂಡ ಕೇಳ್ಬೇಡ, ವಾಪಸ್ ಬಾ."