ರಿಂಗಿಗೆ ಒಗ್ಗದ ಕೊಬ್ಬರಿ
ಪೇಟೆಯಲ್ಲಿ ಸಿಗುವ ರಿಂಗ್ ಹಾಕಿದ ಪ್ಲಾನರು ನೋಡಲು ಚೆಂದ, ಸುಳ್ಳು ಹೇಳಬಾರದು. ಚರ್ಮದಂಥ ರಟ್ಟು, ಒಳಗೆ ಬೆಳಗ್ಗೆ ಎಂಟರಿಂದ ಗಂಟೆಗೊಂದು ಗೆರೆ. ಆದರೆ ತಿಪಟೂರು ಸೀಮೆಯ ತೆಂಗಿನ ತೋಟದವರು ಆ ಗೆರೆಗಳ ಮೇಲೆ ಏನು ಬರೆಯಬೇಕು? ಅಟ್ಟಕ್ಕೆ ಹಾಕಿದ ಕಾಯಿ ನೀರಿಂಗಿ ಉಂಡೆ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ‘ಎಂಟರಿಂದ ಒಂಬತ್ತು: ಕೊಬ್ಬರಿ ಒಣಗುತ್ತಿದೆ. ಒಂಬತ್ತರಿಂದ ಹತ್ತು: ಇನ್ನೂ ಒಣಗುತ್ತಿದೆ.’ ಕಾಯಿ ಅಲುಗಿಸಿದರೆ ಗಡಗಡ ಎನ್ನುವ ಹೊತ್ತಿಗೆ ಪ್ಲಾನರಿನ ವರ್ಷವೇ ಮುಗಿದಿರುತ್ತದೆ. ಹೊಸ ಹಾಳೆಗೆ ಮತ್ತೆ ದುಡ್ಡು.

ಮನೆಯ ಯಜಮಾನರು ನೆಚ್ಚುವುದು ಹೊಲಿಗೆ ಹಾಕಿದ ನೋಟ್‌ಬುಕ್ಕನ್ನೇ. ಕಾಯಿ ಕೀಳಿಸಿದ ಲೆಕ್ಕ, ಸುಲಿಯುವವರಿಗೆ ಕೊಟ್ಟ ಮುಂಗಡ, ಕೊನೇ ಪುಟದಲ್ಲಿ ಮೊಮ್ಮಗ ಬರೆದ ಬಸ್ಸು. ರಿಂಗಿನಲ್ಲಿ ಹಾಳೆ ಬೇಕಾದಾಗ ತೆಗೆದು ಹಾಕಬಹುದು ಅಂತ ಅಂಗಡಿಯವರು ಹೊಗಳುತ್ತಾರೆ. ಕೈಗಡದ ಲೆಕ್ಕಕ್ಕೆ ಅದೇ ಗಂಡಾಂತರ! ಟಕ್ ಅಂದರೆ ಬಾಕಿಯೇ ಮಾಯ. ಹೊಲಿಗೆ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ಆಚೆಬದಿಯ ಜೋಡಿ ಹಾಳೆಯೂ ಸಡಿಲಾಗಿ ಚಾಡಿ ಹೇಳುತ್ತದೆ.

ತುರುವೇಕೆರೆಯಲ್ಲೊಂದು, ಚಿಕ್ಕನಾಯಕನಹಳ್ಳಿಯಲ್ಲೊಂದು ತೋಟ ಇದ್ದವರಿಗೆ ರಿಂಗಿನ ವಿಭಾಗಗಳು ಅನುಕೂಲವೇ ಇರಬಹುದು. ಬೆಲೆ ಬದಲಾದಾಗ ಹಾಳೆ ಬದಲಿಸಿದರಾಯಿತು ಅನ್ನುತ್ತೀರಾ? ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 2024ರಲ್ಲಿ 12,000 ರೂಪಾಯಿ, 2025ರಲ್ಲಿ 12,100. ಅದಕ್ಕೆ ಹಾಳೆ ಯಾಕೆ ಸ್ವಾಮಿ, ಒಂದು ಸೊನ್ನೆಯನ್ನು ಒಂದು ಅಂತ ತಿದ್ದಿದರೆ ಮುಗೀತು.